ದಂಡಿನ ದರ್ಜಿಗಳು

ಹೊರನಾಡಿನಿಂದ ಬಂದ ಪದಾರ್ಥಗಳಿಗೆ ‘ಸೀಮೆ’ ಎಂಬ ಮಾತನ್ನು ಮೊದಲಿಗೆ ಸೇರಿಸಿ ಹೆಸರಿಡುವುದು ಕನ್ನಡಿಗರ ವಾಡಿಕೆ. ಸೀಮೆಎಣ್ಣೆ, ಸೀಮೆಬದನೆ, ಸೀಮೆಸುಣ್ಣ ಮುಂತಾದುವು ಹೀಗೆ ಬಂದವು. ಬಂದು ನಮ್ಮ ಮನೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ನೆಲೆಸಿದವು. ಈಗ ಅವುಗಳ ಹೆಸರಿನಲ್ಲಿ ಮಾತ್ರ ಪರದೇಶವು ಉಳಿದಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಸೀಮೆಸುಣ್ಣವನ್ನು ಹಿಡಿದು ಜೀವನ ಮಾಡಿದ ನಮಗೆ, ಅದೇ ಸೀಮೆಸುಣ್ಣವನ್ನು ಹಿಡಿದು ಬದುಕುವ ಇನ್ನೊಂದು ವರ್ಗದವರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಆಸೆ. ಅವರೇ ಬೆಂಗಳೂರು ದಂಡಿನ ದರ್ಜಿಗಳು. ಎಂದರೆ ಶಿವಾಜಿನಗರ, ಕಮರ್ಷಿಯಲ್ ಬೀದಿ, ಹಲಸೂರು ಇವುಗಳ ಸುತ್ತಮುತ್ತ ಕೋಟು ಷರಾಯಿಗಳನ್ನು ಮೈಯಳತೆಗೆ ಸರಿಯಾಗಿ ಹೊಲಿದುಕೊಡುವ ಕಸಬಿನವರು.

ಹೊಲಿಗೆಯ ಕೆಲಸವು ನಮ್ಮಲ್ಲಿ ಹೊಸತಲ್ಲ. ಅಮರಕೋಶವು ದರ್ಜಿಗೆ ‘ತುನ್ನವಾಯ’, ‘ಸೌಚಿಕ’ ಎಂಬ ಎರಡು ಹೆಸರುಗಳನ್ನು ಕೊಟ್ಟಿದೆ. ಸೂಚಿ ಎಂದರೆ ಸೂಜಿ, ಅದರಿಂದ ಬದುಕುವವನು ಸೌಚಿಕ. ಕನ್ನಡದಲ್ಲಿ ಅವನು ಚಿಪ್ಪಿಗ, ಸಿಂಪಿಗ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಆಮೇಲೆ ಪಾರಸಿಯಿಂದ ‘ದರ್ಜಿ’ ಎಂಬ ಶಬ್ದವು ಬಂದಿತು. ಆ ಭಾಷೆಯಲ್ಲಿ ‘ದರ್ಜ್’ ಎಂದರೆ ಹೊಲಿಗೆಯ ಸಾಲು. ಗುಂಡಿಯನ್ನು ತೂರಿಸುವ ‘ಕಾಜ’ವು ಪೋರ್ಚುಗೀಸರ ಮಾತಿನಿಂದ ಬಂದುದು, ಅವರಲ್ಲಿ ಆ ಶಬ್ದಕ್ಕೆ ಮನೆ ಎಂದೂ ಅರ್ಥವುಂಟು. ಗುಂಡಿಗೊಂದು ಮನೆ! ಭಾವನೆ ಚೆನ್ನಾಗಿಯೇ ಇದೆ. ‘ಕೋಟು’ ಎಂಬುದು ಇಂಗ್ಲಿಷಿನದು. ಹೀಗೆ ಒಂದು ಕೋಟಿನ ಮೇಲೆ ಕೈಯಾಡಿಸಿದರೆ ನಾಲ್ಕಾರು ದೇಶಗಳ ಮಾತು ಕೈಗೆ ತಗಲುತ್ತದೆ.

ಈ ಕೋಟು ನಮ್ಮ ಊರಿಗೆ ಬಂದ ದಾರಿಯನ್ನು ತಿಳಿಯಬೇಕಾದರೆ ದಂಡಿನ ಕಥೆಯನ್ನು ಸ್ವಲ್ಪ ನೆನೆಯಬೇಕು. ೧೭೯೯ರಲ್ಲಿ ಟಿಪ್ಪುಸುಲ್ತಾನನು ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ನಿಂತ ಇಂಗ್ಲಿಷರ ಸೈನ್ಯಕ್ಕೆ ಅಲ್ಲಿಯ ಚಳಿಜ್ವರದ ಬಾಧೆ ಹೆಚ್ಚಾಗಲು, ೧೮೦೯ರ ವೇಳೆಗೆ ಅದನ್ನು ಬೆಂಗಳೂರು ಪೇಟೆಯ ಪೂರ್ವಕ್ಕೆ, ಹಲಸೂರಿನ ಕಡೆಯ ಬಯಲಿಗೆ ತಂದಿಟ್ಟರು. ೧೮೮೧ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿದಾಗಲೂ ಈ ದಂಡಿನ ಪ್ರದೇಶವನ್ನು ಇಂಗ್ಲಿಷರು ತಮ್ಮ ಆಡಳಿತದಲ್ಲಿಯೇ ಇಟ್ಟುಕೊಂಡರು. ೧೯೪೭ರ ಜುಲೈ ತಿಂಗಳಿನಲ್ಲಿ ಅದು ಸಂಸ್ಥಾನಕ್ಕೆ ಮರಳಿತು. ೧೯೪೯ರಲ್ಲಿ ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ನಡುವಣ ಅರುವತ್ತಾರು ವರ್ಷ, ಚಿಕ್ಕಪೇಟೆಯ ಮನುಷ್ಯನು ಕಬ್ಬನ್ ಪಾರ್ಕನ್ನು ದಾಟಿ ಪೂರ್ವಕ್ಕೆ ನಡೆದರೆ, ಮಹಾರಾಜರ ಆಡಳಿತವನ್ನು ಬಿಟ್ಟು ಆಂಗ್ಲ ಚಕ್ರವರ್ತಿಯ ಆಡಳಿತಕ್ಕೆ ಕಾಲಿಟ್ಟಂತೆ ಆಗುತ್ತಿತ್ತು. ಪರದೇಶದ ರೀತಿಯ ಸೂಟನ್ನು ಹೊಲಿಸಿಕೊಳ್ಳುವುದಕ್ಕೆ ಬೆಂಗಳೂರಿಗನು ಹಡಗು ಹತ್ತಬೇಕಾಗಿರಲಿಲ್ಲ. ಎರಡು ಮೂರು ಮೈಲಿ ನಡೆದರೆ ಸಾಕಾಗಿತ್ತು.

ಸೈನ್ಯವಿದ್ದಲ್ಲಿ ಸೂಜಿಗೆ ಬಿಡುವಿಲ್ಲ. ಕವಾಯತಿಗೆ ಒಂದು ಉಡುಪು, ರಾತ್ರಿಯ ಭೋಜನಕ್ಕೆ ಒಂದು, ಕುದುರೆ ಸವಾರಿಗೆ ಒಂದು, ಚರ್ಚಿಗೆ ಹೋಗುವುದಕ್ಕೆ ಒಂದು. ಅಧಿಕಾರಿಗೆ ಇಷ್ಟು ಬೇಕಾದರೆ ಅವನ ಹೆಂಡತಿಗೆ ಇದರ ಇಮ್ಮಡಿ ಬೇಕು. ಬಂಗಲೆಯ ಜಗಲಿಯಲ್ಲಿ ಚಾಪೆ ಹಾಸಿ ಕುಳಿತು, ಸೀಮೆಯಿಂದ ಬಂದ ಮಾದರಿಯನ್ನು ನೋಡಿ ಹಾಗೆಯೇ ಹೊಲಿದುಕೊಡುವ ದರ್ಜಿಯು ಆ ಕಾಲದ ಆಂಗ್ಲರ ಸಂಸಾರಗಳಿಗೆ ಅಡುಗೆಯವನಷ್ಟೇ ಅಗತ್ಯನಾಗಿದ್ದನು. ಹೀಗೆ ಈ ಕಸಬನ್ನು ಕಲಿತವರಲ್ಲಿ ಉರ್ದು ಮನೆಮಾತಿನ ಮುಸಲ್ಮಾನರಿದ್ದರು, ತಮಿಳರಿದ್ದರು, ಮರಾಠಿ ಮನೆಮಾತಿನ ಭಾವಸಾರ ಕ್ಷತ್ರಿಯರಿದ್ದರು. ಇಂದಿಗೂ ಹೆಸರುವಾಸಿಯಾದ ಪಿ. ಎನ್. ರಾವ್ ಅವರ ಅಂಗಡಿಯು ೧೯೨೩ರಲ್ಲಿ ಆಂಗ್ಲ ಸ್ತ್ರೀಯರ ಉಡುಪುಗಳನ್ನು ಹೊಲಿಯುವುದರಿಂದ ಆರಂಭವಾಯಿತು. ಆಂಗ್ಲರು ಹೊರಟುಹೋದ ಬಳಿಕ ಗಂಡಸರ ಸೂಟುಗಳ ಕಡೆಗೆ ತಿರುಗಿತು. ಊರಿನ ಹವೆಯೂ ಈ ಕಸಬಿಗೆ ಅನುಕೂಲವಾಗಿತ್ತು. ಸಮುದ್ರಮಟ್ಟಕ್ಕೆ ಸುಮಾರು ೩೦೦೦ ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಉಣ್ಣೆಯ ಕೋಟು ಮಾರ್ಗಶಿರ ಪುಷ್ಯಗಳಲ್ಲಿ ಹಿತವಾಗಿಯೇ ಇರುತ್ತದೆ; ಮದರಾಸಿನಲ್ಲಿ ಅದನ್ನು ತೊಡುವುದು ಶಿಕ್ಷೆ. ೧೮೮೪ರಲ್ಲಿ ಇಲ್ಲಿ ಸ್ಥಾಪಿತವಾಗಿ, ‘ಬಿನ್ನಿ ಮಿಲ್ಲು’ ಎಂದು ಜನರ ಬಾಯಲ್ಲಿ ನಿಂತ ಗಿರಣಿಯು ಉಣ್ಣೆಯ ಬಟ್ಟೆಯನ್ನು ಊರಿನಲ್ಲಿಯೇ ನೇಯ್ದುಕೊಟ್ಟಿತು. ಆ ಗಿರಣಿ ಈಗಿಲ್ಲ. ಬಿನ್ನಿಪೇಟೆ ಎಂಬ ಹೆಸರಿದೆ.

ನಮ್ಮವರು ಈ ಉಡುಪನ್ನು ಬಂದಂತೆಯೇ ಸ್ವೀಕರಿಸಲಿಲ್ಲವೆಂಬುದನ್ನೂ ಹೇಳಬೇಕು. ಹಿಂದಿನ ಮೇಷ್ಟರುಗಳೂ ವಕೀಲರೂ ಕಚ್ಚೆಪಂಚೆಯ ಮೇಲೆ ಮುಚ್ಚುಕೋಟು ತೊಟ್ಟು, ತಲೆಗೆ ರುಮಾಲು ಸುತ್ತಿದರು. ೧೯೧೨ರಿಂದ ೧೯೧೮ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರವನ್ನು ನೋಡದ ವಾಚಕರಿಲ್ಲ. ಕತ್ತಿನಿಂದ ಕೆಳಗೆ ಒಂದು ಸುಕ್ಕೂ ಇಲ್ಲದ ಆಂಗ್ಲ ಸೂಟು. ತಲೆಯ ಮೇಲೆ ಮೈಸೂರು ಪೇಟ. ಎರಡನ್ನೂ ಒಟ್ಟಿಗೆ ಧರಿಸುವುದರಲ್ಲಿ ಆ ಮಹನೀಯರಿಗೆ ಯಾವ ಸಂಕೋಚವೂ ಇದ್ದಂತೆ ತೋರುವುದಿಲ್ಲ.

ಸೀಮೆಯಲ್ಲಿಯೇ ಸೂಟು ಹೊಲಿಸಿಕೊಂಡವರ ಅನುಭವವೂ ವಿನೋದವಾಗಿದೆ. ೧೮೮೮ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗಾಗಿ ಲಂಡನ್ನಿಗೆ ಹೋದ ಮೋಹನದಾಸ ಗಾಂಧಿಯವರಿಗೆ, ಮುಂಬಯಿಯಲ್ಲಿ ಕತ್ತರಿಸಿದ ಬಟ್ಟೆಗಳು ಅಲ್ಲಿಯ ಸಮಾಜಕ್ಕೆ ಒಪ್ಪವೆಂದು ತೋರಿ, ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಕೊಟ್ಟು ಒಂದು ಸೂಟು ಮಾಡಿಸಿಕೊಂಡರು. ಆ ಹಣವು ಪೋಲಾಯಿತೆಂದು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ೧೯೨೧ರಲ್ಲಿ ಮಧುರೆಯಲ್ಲಿ ಅವರು ಮೊಳಕಾಲುದ್ದದ ಪಂಚೆಯೊಂದನ್ನೇ ಉಡುವ ನಿಶ್ಚಯ ಮಾಡಿದರು. ಲಂಡನ್ನಿನಲ್ಲಿ ಈ ಕಸಬಿಗೆ ಹೆಸರಾದ ಬೀದಿ ಸ್ಯಾವಿಲ್ ರೋ. ಅಲ್ಲಿ ಒಂದು ಸೂಟಿಗೆ ಐವತ್ತು ಗಂಟೆಗಳಿಗೆ ಕಡಮೆಯಿಲ್ಲದ ಕೈಕೆಲಸ ನಡೆಯಬೇಕೆಂಬುದು ದರ್ಜಿಗಳ ಸಂಘದ ಕಟ್ಟಳೆ. ಪ್ರಸಿದ್ಧ ಅಂಗಡಿಗಳಲ್ಲಿ ಇಂದು ಅದರ ಬೆಲೆ ಐದು ಸಾವಿರ ಪೌಂಡುಗಳನ್ನು ಮೀರುತ್ತದೆ. ಇನ್ನೊಂದು ಕೊನೆಯಲ್ಲಿ ಹಾಂಗ್‌ಕಾಂಗ್ ಪಟ್ಟಣವಿದೆ. ಅಲ್ಲಿ ಷಾಂಘೈಯಿಂದ ಬಂದ ಚೀನೀಯರೂ ನಮ್ಮ ಸಿಂಧಿಗಳೂ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸೂಟು ಕೊಡುವೆವೆಂದು ಹೇಳಿ ಪ್ರಯಾಣಿಕರನ್ನು ಕರೆದವರು.

ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತಮ್ಮನ ಮಗನಿಗೆ ವಿವಾಹವು ನಿಶ್ಚಯವಾಗಿ, ಕಳೆದ ಪುಷ್ಯಮಾಸದಲ್ಲಿ ಅವನು ಊರಿಗೆ ಬಂದನು. ಆರತಕ್ಷತೆಗೆ ಸೂಟು ಬೇಕು. ಅಲ್ಲಿಯ ಬೆಲೆಯನ್ನು ಕೇಳಿ ಅವನು ಹಿಂಜರಿದಿದ್ದನು. “ದೊಡ್ಡಪ್ಪ, ಅಲ್ಲಿ ಒಂದಕ್ಕೆ ಕೊಡುವ ದುಡ್ಡಿನಲ್ಲಿ ಇಲ್ಲಿ ಮದುವೆಯ ಊಟವೇ ಆಗುತ್ತೆ. ದಂಡಿಗೆ ಹೋಗೋಣ ಬನ್ನಿ” ಎಂದನು. ಹಿಂದೆ ಇಲ್ಲಿಯವರು ಸೀಮೆಯ ಸೂಟಿಗೆ ಆಸೆಪಟ್ಟರು. ಈಗ ಸೀಮೆಯಲ್ಲಿರುವವರು ಇಲ್ಲಿಯ ದರ್ಜಿಯನ್ನು ಹುಡುಕಿಕೊಂಡು ಬರುತ್ತಾರೆ. ಹೊರಡುವಾಗ ಅವನು ಪೆಟ್ಟಿಗೆಯ ತಳದಿಂದ ಇನ್ನೊಂದು ವಸ್ತುವನ್ನು ತೆಗೆದು ಚೀಲದಲ್ಲಿ ಇಟ್ಟುಕೊಂಡನು. ಅದು ನಮ್ಮ ತಂದೆಯವರ ಕೋಟು. ೧೯೫೮ರಲ್ಲಿ ಅವರಿಗೆ ಗುಮಾಸ್ತೆಯ ಕೆಲಸ ಖಾಯಮಾದಾಗ ಬಿನ್ನಿಯ ಬೂದುಬಣ್ಣದ ಉಣ್ಣೆಬಟ್ಟೆಯನ್ನು ಕೊಂಡು ದಂಡಿನಲ್ಲಿಯೇ ಹೊಲಿಸಿಕೊಂಡದ್ದು. ತಾತನ ಕೋಟನ್ನು ತನ್ನ ಮೈಗೆ ಸರಿಮಾಡಿಸಿಕೊಳ್ಳಬೇಕೆಂಬುದು ಹುಡುಗನ ಹಂಬಲ.

ನಮ್ಮ ವಾಸ ಕೃಷ್ಣರಾಜಪುರದಲ್ಲಿ. ೨೦೨೩ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯವರೆಗಿನ ಮೆಟ್ರೋ ದಾರಿಯು ಕೂಡಿಕೊಂಡ ಮೇಲೆ ಅಲ್ಲಿಂದ ದಂಡಿಗೆ ಹೋಗುವುದು ಸುಲಭವಾಗಿದೆ. ಕಂಬಗಳ ಮೇಲೆ ಓಡುವ ಈ ಗಾಡಿಯಲ್ಲಿ ಕುಳಿತವನಿಗೆ ಬೆಂಗಳೂರಿನ ಪೂರ್ವಭಾಗವು ಕೆಳಗೆ ಹಾಸಿದಂತೆ ಕಾಣುತ್ತದೆ. ಮೊದಲು ಇಂದಿರಾನಗರ. ಇಲ್ಲಿಯ ನೂರಡಿ ರಸ್ತೆಯಲ್ಲಿ ಸಿದ್ಧ ಉಡುಪಿನ ದೊಡ್ಡ ದೊಡ್ಡ ಅಂಗಡಿಗಳಿವೆ. ಗಾಜಿನ ಹಿಂದೆ ಸೂಟು ತೊಟ್ಟ ಗೊಂಬೆಗಳು ನಿಂತಿವೆ. ಆ ಗೊಂಬೆಗಳಿಗೆ ಗೂನಿಲ್ಲ, ಹೊಟ್ಟೆಯಿಲ್ಲ, ವಯಸ್ಸಿಲ್ಲ. ಅವುಗಳ ಮೈಗೆ ಸರಿಹೋದದ್ದು ತನ್ನ ಮೈಗೂ ಸರಿಹೋಗುವುದೆಂದು ನಂಬಿ ಗಿರಾಕಿಯು ಹಣ ಕೊಡಬೇಕು. ಆಮೇಲೆ ಹಲಸೂರು. ಸೋಮೇಶ್ವರ ದೇವಾಲಯವಿರುವ ಈ ಊರು ದಂಡಿಗಿಂತ ಎಷ್ಟೋ ಹಳೆಯದು. ದೇವಾಲಯದಲ್ಲಿ ವಿಜಯನಗರದ ಕಾಲದ ಕಂಬಗಳ ಕೆತ್ತನೆಯನ್ನು ಈಗಲೂ ನೋಡಬಹುದು. ಟ್ರಿನಿಟಿ ಚರ್ಚಿನ ಹೆಸರಿನ ನಿಲ್ದಾಣವು ಕಳೆದರೆ ಮಹಾತ್ಮ ಗಾಂಧಿ ರಸ್ತೆ. ೧೯೪೮ಕ್ಕೆ ಮುಂಚೆ ಇದರ ಹೆಸರು ಸೌತ್ ಪೆರೇಡ್. ಅಲ್ಲಿ ಇಳಿದು ಕವಾಯತು ಮೈದಾನದ ಪಕ್ಕದ ಕಾಮರಾಜ ರಸ್ತೆಯನ್ನು ಹಿಡಿದು ಉತ್ತರಕ್ಕೆ ನಡೆದರೆ ಕಮರ್ಷಿಯಲ್ ಬೀದಿ. ಕಾಮರಾಜ ರಸ್ತೆಗೆ ಹಿಂದೆ ಕ್ಯಾವಲ್ರಿ, ಎಂದರೆ ಕುದುರೆಪಡೆಯ, ರಸ್ತೆಯೆಂದು ಹೆಸರಿತ್ತು. ಸಮೀಪದ ಇನ್‌ಫೆಂಟ್ರಿ ರಸ್ತೆಯು ಕಾಲಾಳುಗಳದು. ಸೈನ್ಯವು ಹೋದರೂ ಬೀದಿಗಳ ಹೆಸರಿನಲ್ಲಿ ಕವಾಯತು ನಡೆದೇ ಇದೆ.

ಕಮರ್ಷಿಯಲ್ ಬೀದಿಯಿಂದ ಶಿವಾಜಿನಗರದ ಕಡೆಗೆ ಕವಲೊಡೆಯುವ ಸಂದುಗಳಲ್ಲಿ ಜರಿ, ಗುಂಡಿ, ಅಸ್ತರು, ದಾರ, ಎಲ್ಲಕ್ಕೂ ಬೇರೆ ಬೇರೆ ಅಂಗಡಿಗಳಿವೆ. ಒಂದು ಸಂದಿನ ಮಹಡಿಯ ಮೇಲೆ ನಾವು ಹುಡುಕುತ್ತಿದ್ದ ದರ್ಜಿಯ ಅಂಗಡಿಯಿತ್ತು. ಎಪ್ಪತ್ತು ದಾಟಿದ ಸಾಹೇಬರು. ತಂದೆಯಿಂದ ಕಲಿತ ವಿದ್ಯೆ. ಗೋಡೆಯ ಮೊಳೆಗಳಿಗೆ ದಪ್ಪ ಕಾಗದದ ನಮೂನೆಗಳನ್ನು ಗೊಂಚಲು ಗೊಂಚಲಾಗಿ ತೂಗುಹಾಕಿದ್ದರು. ಒಬ್ಬೊಬ್ಬ ಗಿರಾಕಿಯ ಎದೆ, ಬೆನ್ನು, ತೋಳುಗಳ ಆಕಾರವನ್ನು ಕತ್ತರಿಸಿ ಹೆಸರು ಬರೆದಿಟ್ಟುಕೊಂಡದ್ದು ಅದು. “ಇದರಲ್ಲಿ ಎಷ್ಟೋ ಜನ ಈಗಿಲ್ಲ ಮೇಷ್ಟ್ರೇ. ಬಿಸಾಡೋಕೆ ಕೈ ಬರೋದಿಲ್ಲ” ಎಂದರು.

ಹುಡುಗನನ್ನು ನಿಲ್ಲಿಸಿ ಅವರು ಅಳತೆ ತೆಗೆದುಕೊಂಡ ರೀತಿಯನ್ನು ನಾವು ಕುತೂಹಲದಿಂದ ನೋಡಿದೆವು. ಟೇಪನ್ನು ಕೈಗೆತ್ತಿಕೊಳ್ಳುವ ಮೊದಲು ಎರಡು ನಿಮಿಷ ಸುಮ್ಮನೆ ಸುತ್ತಲೂ ನಡೆದು ನೋಡಿದರು. ಹುಡುಗನು ಸೆಟೆದು ನಿಂತನು. “ಹಾಗೆ ಬೇಡಪ್ಪ. ಬಸ್ಸಿಗೆ ಕಾಯೋವಾಗ ಹೇಗೆ ನಿಲ್ತೀಯೋ ಹಾಗೆ ನಿಲ್ಲು” ಎಂದರು. ಆಮೇಲೆ ಒಂದೊಂದೇ ಅಂಕಿಯನ್ನು ಕೂಗಿ ಹೇಳಲು, ಸಹಾಯಕನು ಉದ್ದನೆಯ ಪುಸ್ತಕದಲ್ಲಿ ಬರೆದುಕೊಂಡನು. ಬಲಭುಜವು ಎಡಭುಜಕ್ಕಿಂತ ಅರ್ಧ ಬೆರಳಿನಷ್ಟು ತಗ್ಗು. ತಲೆಯು ಸ್ವಲ್ಪ ಮುಂದಕ್ಕೆ ಬಾಗಿದೆ, ಹಗಲೆಲ್ಲ ಕಂಪ್ಯೂಟರಿನ ಮುಂದೆ ಕೂರುವುದರಿಂದ. ಇಂಥ ಸಂಗತಿಗಳನ್ನು ಟೇಪು ಹೇಳಲಾರದು, ಕಣ್ಣು ಹೇಳಬೇಕು. ತರಗತಿಯಲ್ಲಿ ನಲವತ್ತು ಮಕ್ಕಳಿಗೆ ಒಂದೇ ಪಾಠವನ್ನು ಹೇಳಿ ಬಂದ ನಮಗೆ, ಒಬ್ಬನೇ ಮನುಷ್ಯನನ್ನು ಇಷ್ಟು ಹೊತ್ತು ನೋಡುವ ಈ ವಿದ್ಯೆಯ ಮೇಲೆ ಗೌರವವುಂಟಾಯಿತು.

ಎರಡು ತುಂಡಿನ ಸೂಟಿಗೆ ಐದಡಿ ಅಗಲದ ಬಟ್ಟೆ ಸುಮಾರು ಮೂರೂಕಾಲು ಮೀಟರು ಬೇಕು. ಮೇಜಿನ ಮೇಲೆ ಹರಡಿದ ಬಟ್ಟೆಯ ಮೇಲೆ, ಚಪ್ಪಟೆಯಾದ ಮುಮ್ಮೂಲೆಯ ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸುತ್ತಾರೆ. ಕೋಟಿನ ಮುಂಭಾಗದಲ್ಲಿ, ಹೊರಬಟ್ಟೆಗೂ ಅಸ್ತರಿಗೂ ನಡುವೆ, ಉಣ್ಣೆಯನ್ನೂ ಕುದುರೆಯ ಕೂದಲನ್ನೂ ಸೇರಿಸಿ ನೇಯ್ದ ಕ್ಯಾನ್ವಾಸನ್ನು ಕೈಹೊಲಿಗೆಯಿಂದ ಕೂಡಿಸುವುದು ಹಳೆಯ ಪದ್ಧತಿ. ಕಣ್ಣಿಗೆ ಕಾಣದ ಈ ಕ್ಯಾನ್ವಾಸೇ ಕೋಟಿನ ಬೆನ್ನೆಲುಬು. ತೊಡುತ್ತ ತೊಡುತ್ತ ಅದು ತೊಟ್ಟವನ ಎದೆಯ ಆಕಾರಕ್ಕೆ ಬರುತ್ತದೆ. ಅಗ್ಗದ ಸಿದ್ಧ ಉಡುಪುಗಳಲ್ಲಿ ಇದರ ಬದಲು ಒಂದು ಪದರವನ್ನು ಬಿಸಿಯಿಂದ ಅಂಟಿಸಿಬಿಡುತ್ತಾರೆ. ಕೆಲವು ಸಲ ಒಗೆತಕ್ಕೆ ಕೊಟ್ಟ ಮೇಲೆ ಅಂಟು ಬಿಟ್ಟು ಬಟ್ಟೆಯು ಬೊಬ್ಬೆಯೆದ್ದಂತೆ ಉಬ್ಬುವುದುಂಟು. ಉಣ್ಣೆಗೆ ಇನ್ನೊಂದು ಗುಣವಿದೆ. ಹಬೆಯ ಇಸ್ತ್ರಿಯ ಕೆಳಗೆ ಅದನ್ನು ಹಿಗ್ಗಿಸಲೂಬಹುದು, ಕುಗ್ಗಿಸಲೂಬಹುದು. ನುರಿತ ದರ್ಜಿಯು ಕತ್ತರಿಯಿಂದ ಅರ್ಧ ಆಕಾರವನ್ನು ತಂದರೆ, ಇನ್ನರ್ಧವನ್ನು ಇಸ್ತ್ರಿಯಿಂದ ತರುತ್ತಾನೆ.

ಐದು ದಿನ ಕಳೆದು ಟ್ರಯಲಿಗೆ ಹೋದೆವು. ಬಿಳಿ ದಾರದ ಕಚ್ಚಾ ಹೊಲಿಗೆ, ಒಂದೇ ತೋಳು, ಕಾಲರಿಲ್ಲ. ಹುಡುಗನಿಗೆ ನಿರಾಶೆಯಾಯಿತು, ಸಾಹೇಬರಿಗೆ ಸಂತೋಷವಾಯಿತು. “ಈಗ ತಪ್ಪು ಕಾಣಿಸಿದರೆ ನಮ್ಮ ಪುಣ್ಯ” ಎಂದು ಹೇಳಿ, ಬೆನ್ನಿನ ಸುಕ್ಕನ್ನು ಗುಂಡುಸೂಜಿಯಿಂದ ಹಿಡಿದು, ಸೀಮೆಸುಣ್ಣದ ಗುರುತು ಹಾಕಿ, ಒಂದು ಹೊಲಿಗೆಯನ್ನು ನಮ್ಮೆದುರಿಗೇ ಬಿಚ್ಚಿಹಾಕಿದರು. ಬೇಗ ಮುಗಿಸಿಕೊಡಬಹುದೇ ಎಂದು ಹುಡುಗನು ಕೇಳಿದಾಗ, “ಬೇಕಾದರೆ ನಾಳೆಯೇ ಕೊಡ್ತೀನಿ, ಆದರೆ ಅದು ನಿನ್ನ ಕೋಟಲ್ಲ, ಯಾರದೋ ಕೋಟು” ಎಂದು ಉತ್ತರ ಬಂದಿತು. ಇನ್ನೊಂದು ಟ್ರಯಲ್ ಆಗಿ, ಹನ್ನೆರಡನೆಯ ದಿನ ಸೂಟು ಸಿದ್ಧವಾಯಿತು. ಬಟ್ಟೆಯ ಬೆಲೆಯ ಹೊರತು ಹೊಲಿಗೆಯ ಕೂಲಿ ಹದಿನಾಲ್ಕು ಸಾವಿರ ರೂಪಾಯಿ. ನಮ್ಮಂಥ ಮೇಷ್ಟರಿಗೆ ಇದು ಸಣ್ಣ ಹಣವಲ್ಲ. ಆದರೆ ಕೆಲಸವನ್ನು ನೋಡಿದ ಮೇಲೆ ಚೌಕಾಶಿ ಮಾಡುವ ಮನಸ್ಸು ಬರಲಿಲ್ಲ.

ತಂದೆಯವರ ಕೋಟಿನ ವಿಷಯ ಹೇಳುವುದು ಉಳಿಯಿತು. ಅದನ್ನು ಸಾಹೇಬರು ಬೆಳಕಿಗೆ ಹಿಡಿದು ನೋಡಿ, ಅಸ್ತರಿನ ಅಂಚನ್ನು ನಾಲ್ಕು ಬೆರಳಿನಷ್ಟು ಬಿಚ್ಚಿ, ಒಳಗೆ ಬೆರಳಾಡಿಸಿದರು. ಆಮೇಲೆ ನಮ್ಮನ್ನು ಕರೆದು ತೋರಿಸಿದರು. ಪಕ್ಕದ ಹೊಲಿಗೆಗಳ ಒಳಗೆ ಎರಡು ಬೆರಳು ಅಗಲ ಬಟ್ಟೆಯನ್ನು ಮಡಿಸಿ ಬಿಟ್ಟಿತ್ತು. ಬಿಸಿಲು ಕಾಣದ ಆ ಭಾಗದಲ್ಲಿ ಬಟ್ಟೆಯ ಬಣ್ಣವು ಹೊಸದರಂತೆಯೇ ಇತ್ತು. “ಹೊಲಿದವನು ಬುದ್ಧಿವಂತ. ಇಪ್ಪತ್ತೆಂಟು ವರ್ಷದ ಹುಡುಗ ನಾಳೆ ದಪ್ಪ ಆಗ್ತಾನೆ, ನಾಡಿದ್ದು ಮಗನಿಗೆ ಕೊಡ್ತಾನೆ ಅಂತ ಲೆಕ್ಕ ಹಾಕಿದ್ದಾನೆ” ಎಂದರು. ಆ ದರ್ಜಿ ಯಾರೋ, ಅವನ ಹೆಸರೇನೋ, ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ. ಬಡ ಗುಮಾಸ್ತೆಯ ಬಟ್ಟೆಯನ್ನು ಅವನು ಕತ್ತರಿಸಿ ಎಸೆಯದೆ, ಮುಂದೆ ಬರುವವರಿಗಾಗಿ ಒಳಗೆ ಬಚ್ಚಿಟ್ಟಿದ್ದನು.

ಆದರೂ ಹುಡುಗನ ಆಸೆ ಫಲಿಸಲಿಲ್ಲ. “ಸೊಂಟ ಬಿಡಿಸಬಹುದು, ತೋಳು ಇಳಿಸಬಹುದು, ಹೆಗಲು ಮಾತ್ರ ಯಾರದೋ ಅವರದೇ” ಎಂದು ಸಾಹೇಬರು ತಿಳಿಸಿದರು. ಹುಡುಗನ ಹೆಗಲು ತಾತನದಕ್ಕಿಂತ ಎರಡು ಅಂಗುಲ ಅಗಲ. ಅವರ ಕಣ್ಣು ಆಗ ನಮ್ಮ ಕಡೆಗೆ ತಿರುಗಿತು. ತೊಟ್ಟು ನೋಡಿರೆಂದರು. ಖಾದಿಯ ಜುಬ್ಬವನ್ನು ಬಿಟ್ಟು ಬೇರೆಯದನ್ನು ತೊಟ್ಟು ಅಭ್ಯಾಸವಿಲ್ಲದ ನಾವು ಸಂಕೋಚದಿಂದಲೇ ತೋಳು ತೂರಿಸಿದೆವು. ಹೆಗಲು ಸರಿಯಾಗಿ ಕುಳಿತಿತು. ಬಲಗಡೆ ತುಸು ತಗ್ಗು, ತಂದೆಯವರಿಗೆ ಇದ್ದಂತೆಯೇ. ಹುಡುಗನು ಏನೂ ಮಾತಾಡಲಿಲ್ಲ. ಸೊಂಟದಲ್ಲಿ ಒಂದೂವರೆ ಅಂಗುಲ ಬಿಡಿಸಿ, ಅಸ್ತರನ್ನು ಹೊಸದಾಗಿ ಹಾಕಿ, ಎಂಟುನೂರು ರೂಪಾಯಿಗೆ ಅದನ್ನು ಸರಿಮಾಡಿಕೊಟ್ಟರು. ಬಿಡಿಸಿದ ಕಡೆ ಬಟ್ಟೆಯ ಬಣ್ಣವು ಸ್ವಲ್ಪ ಗಾಢವಾಗಿ, ಒಂದು ಗೆರೆಯಂತೆ ಕಾಣುತ್ತದೆ. ಅದನ್ನು ಮರೆಮಾಡುವುದು ಬೇಡವೆಂದೆವು. ಆರತಕ್ಷತೆಯ ದಿನ ವರನು ಹೊಸ ಸೂಟಿನಲ್ಲಿಯೂ ನಾವು ಪಂಚೆಯ ಮೇಲೆ ಈ ಕೋಟಿನಲ್ಲಿಯೂ ನಿಂತೆವು.

ಈ ಕಸಬಿನ ಭವಿಷ್ಯವನ್ನು ಕುರಿತು ಕೇಳಿದಾಗ ಸಾಹೇಬರು ನಿಟ್ಟುಸಿರಿಡಲಿಲ್ಲ; ಲೆಕ್ಕ ಹೇಳಿದರು. ಅವರ ಇಬ್ಬರು ಮಕ್ಕಳೂ ಬೇರೆ ಉದ್ಯೋಗ ಹಿಡಿದಿದ್ದಾರ. ಕ್ಯಾನ್ವಾಸಿನ ಕೈಹೊಲಿಗೆ ಬರಬೇಕಾದರೆ ನಾಲ್ಕೈದು ವರ್ಷ ಕೂರಬೇಕು. ಅಷ್ಟು ಕಾಲ ಅಲ್ಪ ಸಂಬಳಕ್ಕೆ ಕೂರುವ ಹುಡುಗರಿಲ್ಲ. ಬೆಂಗಳೂರಿನ ಸುತ್ತಲಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಲಕ್ಷಾಂತರ ಮಂದಿ, ಹೆಚ್ಚಿನವರು ಹೆಂಗಸರು, ದೇಶಾಂತರಗಳಿಗೆ ಹೋಗುವ ಉಡುಪುಗಳನ್ನು ಹೊಲಿಯುತ್ತಾರೆ. ಆದರೆ ಅಲ್ಲಿ ಒಬ್ಬಳು ಕಾಲರನ್ನೇ, ಇನ್ನೊಬ್ಬಳು ತೋಳನ್ನೇ ದಿನವೆಲ್ಲ ಹೊಲಿಯುವಳು. ತೊಡುವವನನ್ನು ಅವಳು ಕಾಣಳು, ಅವನೂ ಅವಳನ್ನು ಕಾಣನು. ಹೊಲಿಗೆ ಬೆಳೆದಿದೆ, ಹೊಲಿಸುವವನಿಗೂ ಹೊಲಿಯುವವನಿಗೂ ನಡುವಣ ಪರಿಚಯವು ಕಡಮೆಯಾಗಿದೆ.

ಮನೆಯಲ್ಲಿ ಮದುವೆಯಿರುವ ವಾಚಕರಿಗೆ ನಮ್ಮ ಅನುಭವದಿಂದ ಕೆಲವು ಮಾತುಗಳನ್ನು ಹೇಳಿ ಮುಗಿಸುವೆವು. ಕೋಟು ಹೊಲಿಸುವುದಾದರೆ ಮೂರು ವಾರ ಮುಂಚಿತವಾಗಿ ಹೋಗಿರಿ. ಅಳತೆಯ ದಿನ, ಆ ಕೋಟಿನೊಡನೆ ತೊಡುವ ಷರಟನ್ನೂ ಬೂಟನ್ನೂ ತೊಟ್ಟಿರಿ. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳಬೇಡಿರಿ. ಕ್ಯಾನ್ವಾಸು ಹೊಲಿದದ್ದೋ ಅಂಟಿಸಿದ್ದೋ ಎಂದು ಮೊದಲೇ ಕೇಳಿರಿ. ಟ್ರಯಲಿನಲ್ಲಿ ಹೆಗಲನ್ನು ಎಲ್ಲಕ್ಕಿಂತ ಮೊದಲು ನೋಡಿರಿ. ಅದೊಂದನ್ನು ಆಮೇಲೆ ತಿದ್ದುವುದು ಕಷ್ಟ. ಹೊಲಿಗೆಗಳ ಒಳಗೆ ಧಾರಾಳವಾಗಿ ಬಟ್ಟೆ ಬಿಡುವಂತೆ ಹೇಳಿರಿ. ಪೆಟ್ಟಿಗೆಯಲ್ಲಿ ಹಿರಿಯರ ಕೋಟು ಇದ್ದವರು, ಅದನ್ನು ಪಾತ್ರೆಯವರಿಗೆ ಹಾಕುವ ಮುಂಚೆ, ಒಂದು ಸಲ ದಂಡಿಗೆ ಒಯ್ದು ಅಸ್ತರನ್ನು ಬಿಚ್ಚಿಸಿ ನೋಡಿರಿ. ಬೆಳಗಿನ ಹನ್ನೊಂದು ಗಂಟೆಯ ಹೊತ್ತಿಗೆ ಹೋದರೆ ಬೀದಿಯಲ್ಲಿ ಸಂದಣಿ ಕಡಮೆ; ದರ್ಜಿಗೂ ಮಾತಾಡುವುದಕ್ಕೆ ಬಿಡುವಿರುತ್ತದೆ.